ಸಹಾಯ ಬೇಕು: ಲೇಸರ್ ಕಟಿಂಗ್‌ನಲ್ಲಿ ಸ್ಲಾಟ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ

ಎಲ್ಲರಿಗೂ ನಮಸ್ಕಾರ. ಡಿಜಿಟಲ್ ಫ್ಯಾಬ್ರಿಕೇಶನ್ (ಕಂಪ್ಯೂಟರ್‌ನಲ್ಲಿ ಬರೆದ ವಿನ್ಯಾಸವನ್ನು ಯಂತ್ರದಿಂದ ವಸ್ತುವಾಗಿ ಮಾಡುವುದು) ಈಗಷ್ಟೇ ಕಲಿಯುತ್ತಿದ್ದೇನೆ. 3 ಮಿ.ಮೀ. ಪ್ಲೈವುಡ್‌ನಲ್ಲಿ ಪುಟ್ಟ ಪೆನ್ ಸ್ಟ್ಯಾಂಡ್ ಮಾಡಬೇಕು. ಅಂಟು, ಮೊಳೆ ಏನೂ ಇರಬಾರದು, ಸ್ಲಾಟ್‌ಗಳು, ಅಂದರೆ ಇನ್ನೊಂದು ತುಂಡು ಕೂರಲು ಕತ್ತರಿಸಿದ ಸೀಳುಗಳು, ಒಂದಕ್ಕೊಂದು ಕಚ್ಚಿಕೊಂಡು ನಿಲ್ಲಬೇಕು. ('ಸುಮ್ನೆ ಫೆವಿಕಾಲ್ ಹಾಕು' ಅನ್ನಬೇಡಿ, ಅಸೈನ್‌ಮೆಂಟ್‌ನ ಷರತ್ತೇ ಅದು!)

ಲೇಸರ್ ಸುಟ್ಟು ತೆಗೆಯುವ ಅಗಲ, ಅಂದರೆ ಕೆರ್ಫ್, ಮೊದಲೇ ಅಳೆದಿದ್ದೇನೆ. ಸಾಲಾಗಿ 10 ಗೆರೆ ಕತ್ತರಿಸಿ, ತುಂಡುಗಳನ್ನು ಒಂದು ಬದಿಗೆ ಒತ್ತಿ, ಉಳಿದ ಸಂದನ್ನು 10ರಿಂದ ಭಾಗಿಸಿದೆ. 0.2 ಮಿ.ಮೀ. ಬಂತು. ಲೆನ್ಸ್ ಒರೆಸಿ, ಫೋಕಸ್ ಸರಿ ಮಾಡಿಯೂ ನೋಡಿದೆ, ಅಷ್ಟೇ ಬರುತ್ತದೆ.

ತೊಂದರೆ ಇರುವುದು ಪ್ಲೈವುಡ್‌ನಲ್ಲಿ. ವರ್ನಿಯರ್ ಕ್ಯಾಲಿಪರ್ ಇಟ್ಟು ದಪ್ಪ ಅಳೆದರೆ ಒಂದೇ ಹಾಳೆಯ ಒಂದು ಮೂಲೆಯಲ್ಲಿ 2.8 ಮಿ.ಮೀ., ಇನ್ನೊಂದು ಮೂಲೆಯಲ್ಲಿ 3.1! ಸರಾಸರಿ ಸುಮಾರು 2.9 ಅಂತ ಹಿಡಿದು, ಕೆರ್ಫ್ ಕಳೆದು, ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಸ್ಲಾಟ್ ಅಗಲ 2.7 ಇಟ್ಟೆ. ತೆಳು ತುಂಡು ಎತ್ತಿದರೆ ಜಾರಿ ಬೀಳುತ್ತದೆ. ದಪ್ಪ ತುಂಡನ್ನು ತಟ್ಟಿ ಕೂರಿಸಲು ಹೋದರೆ ಸ್ಲಾಟ್ ಬಾಯಿಯ ಹತ್ತಿರ ಮೇಲಿನ ಪದರ ಕಿತ್ತು ಬರುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ದಪ್ಪ ಇಷ್ಟು ಏರುಪೇರಾಗಲ್ಲ, ಆದರೆ ಲ್ಯಾಬ್‌ನಲ್ಲಿ ಈಗ ಸ್ಟಾಕ್ ಇಲ್ಲ.

ನನ್ನ ಪ್ರಶ್ನೆ ಇಷ್ಟೇ: ಇಂಥ ಹಾಳೆಗೆ ತೆಳು ಭಾಗದ ಅಳತೆ ಹಿಡಿದು, ಸ್ಲಾಟ್ ಬಾಯಿಯನ್ನು ಸ್ವಲ್ಪ ಓರೆ ಮಾಡಿದರೆ ಸಾಕಾ? ಅಥವಾ ಪ್ರತಿ ತುಂಡನ್ನೂ ಅಳೆದು ಬೇರೆ ಬೇರೆ ಅಗಲ ಕೊಡಲೇಬೇಕಾ? ಮಾಡಿ ನೋಡಿದವರು ನೀವಿಟ್ಟ ಅಳತೆ ಸಮೇತ ಹೇಳಿದರೆ ತುಂಬಾ ಉಪಕಾರ.