ಸರ್ಕಾರ ದುಡ್ಡು ಜಾಸ್ತಿ ಹಾಕಿದರೆ ಮಕ್ಕಳು ಜಾಸ್ತಿ ಕಲಿಯುತ್ತಾರಾ? ಮೇಡಂ ಜೊತೆ ಪ್ರಶ್ನೋತ್ತರ

ಗುಂಪಿನ ಅಡ್ಮಿನ್: ಶಾಲಾ ಖರ್ಚಿನ ಬಗ್ಗೆ ಹದಿನೈದು ವರ್ಷದಿಂದ ಅಧ್ಯಯನ ಮಾಡುತ್ತಿರುವ ಮೇಡಂ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಯಾವ ದೇಶ ಎಷ್ಟು ಖರ್ಚು ಮಾಡುತ್ತದೆ, ಅಲ್ಲಿನ ಮಕ್ಕಳು ಎಷ್ಟು ಕಲಿಯುತ್ತಾರೆ, ಕೇಳಿ. ಜಗಳ ಬೇಡ.

ಹಾಸನದ ಪೋಷಕರು: ಜಿಡಿಪಿಯ 6% ಶಿಕ್ಷಣಕ್ಕೆ ಕೊಟ್ಟರೆ ನಮ್ಮ ಶಾಲೆಗಳು ಸುಧಾರಿಸುತ್ತವಾ ಮೇಡಂ?

ಮೇಡಂ: ಕೊಡಲೇಬೇಕು. ಶಿಕ್ಷಣ ಸುಧಾರಣೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿಯಲ್ಲೂ ಅದೇ ಇದೆ. ಇನ್ನೂ ಮುಟ್ಟಿಲ್ಲ. ಆದರೆ ಬರೀ ಶೇಕಡಾ ಲೆಕ್ಕ ಸಾಲದು. ಸಿಂಗಪುರ ಕೊಡುವುದು ಜಿಡಿಪಿಯ 3%ಗಿಂತ ಕಡಿಮೆ, ಬ್ರೆಜಿಲ್ ಸುಮಾರು ಅದರ ಎರಡು ಪಟ್ಟು. 15 ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ಪಿಸಾ ಅಂತ ಒಂದು ಪರೀಕ್ಷೆ ನಡೆಯುತ್ತದೆ. 2022ರಲ್ಲಿ ಗಣಿತಕ್ಕೆ ಸಿಂಗಪುರ 575, ಬ್ರೆಜಿಲ್ 379. ಸಿಂಗಪುರದ ಆದಾಯ ದೊಡ್ಡದು, ಮಕ್ಕಳು ಕಡಿಮೆ. ಒಂದು ಮಗುವಿನ ಪಾಲಿಗೆ ಎಷ್ಟು ಬಂತು ಅಂತ ನೋಡಿ.

ಸಿಂಗಪುರದ ಕನ್ನಡಿಗ: ಟ್ಯೂಷನ್ ಖರ್ಚನ್ನೂ ಸೇರಿಸಿ. 2023ರಲ್ಲಿ ಇಲ್ಲಿನ ಮನೆಗಳು ಅದಕ್ಕೆ 180 ಕೋಟಿ ಸಿಂಗಪುರ ಡಾಲರ್ ಸುರಿದಿವೆ. ನನ್ನ ಮಗಳೂ ವಾರಕ್ಕೆ ಎರಡು ದಿನ ಹೋಗುತ್ತಾಳೆ.

ಮೇಡಂ: ನೆನಪಿಸಿದ್ದು ಒಳ್ಳೆಯದಾಯಿತು. ಸರ್ಕಾರದ ಲೆಕ್ಕದಲ್ಲಿ ಆ ದುಡ್ಡು ಕಾಣುವುದೇ ಇಲ್ಲ.

ಮೈಸೂರಿನ ಸದಸ್ಯೆ: ಇದು ಫಾರ್ವರ್ಡ್ ಬಂದಿದ್ದು: "ಫಿನ್ಲೆಂಡಿನಲ್ಲಿ ಹೋಂವರ್ಕ್ ಇಲ್ಲ, ಪರೀಕ್ಷೆ ಇಲ್ಲ, ವಿಷಯಗಳನ್ನೇ ತೆಗೆದಿದ್ದಾರೆ. ಅದಕ್ಕೇ ನಂಬರ್ ಒನ್." ನಿಜವಾ?

ಮೇಡಂ: ಸುಳ್ಳು. ಹೋಂವರ್ಕ್ ಇದೆ, ಕಡಿಮೆ ಅಷ್ಟೇ. ಕಾಲೇಜಿಗೆ ಮುಂಚೆ ದೊಡ್ಡ ಪರೀಕ್ಷೆಯೂ ಇದೆ. 2016ರ ಪಠ್ಯಕ್ರಮದಲ್ಲಿ ವರ್ಷಕ್ಕೆ ಒಂದಾದರೂ ಪಾಠ ಹಲವು ವಿಷಯ ಬೆರೆಸಿ ಮಾಡಿ ಅಂದರು, ವಿಷಯ ತೆಗೆಯಲಿಲ್ಲ. ಅವರ ಗಣಿತದ ಅಂಕ 2006ರಲ್ಲಿ 548 ಇದ್ದದ್ದು 2022ರಲ್ಲಿ 484ಕ್ಕೆ ಇಳಿದಿದೆ. ಇಂಥ ಮೆಸೇಜು ನಂಬಿ ಮಗ್ಗಿ ಹೇಳಿಸುವುದನ್ನೇ ಬಿಟ್ಟ ಶಾಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಮುಂದೆ ಕಳಿಸಬೇಡಿ.

ಎಸ್‌ಡಿಎಂಸಿ (ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿ) ಅಧ್ಯಕ್ಷರು, ಚಿತ್ರದುರ್ಗ ಜಿಲ್ಲೆ: ನಮ್ಮೂರ ಹಳೇ ವಿದ್ಯಾರ್ಥಿಗಳು ಶಾಲೆಗೆ 4 ಲಕ್ಷ ಕೂಡಿಸಿದ್ದಾರೆ. ಸ್ಮಾರ್ಟ್ ಬೋರ್ಡ್ ಹಾಕಿಸೋಣ ಅಂತ ಎಲ್ಲರ ಆಸೆ. ಆದರೆ ಐದನೇ ತರಗತಿಯಲ್ಲಿ ಕೆಲವರಿಗೆ ಕನ್ನಡವೇ ಓದಲು ಬರಲ್ಲ ಅಂತಾರೆ ಮೇಷ್ಟ್ರು. ಏನು ಮಾಡಲಿ?

ಮೇಡಂ: ಅಧ್ಯಕ್ಷರೇ, ಬೋರ್ಡಿಗೆ ಅಡ್ವಾನ್ಸ್ ಕೊಡಬೇಡಿ. ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಇಂಡೋನೇಷ್ಯಾ 2005ರಲ್ಲಿ ಕಾನೂನು ಮಾಡಿ, ಪ್ರಮಾಣಪತ್ರ ಪಡೆದ ಶಿಕ್ಷಕರಿಗೆ ಮೂಲ ವೇತನದಷ್ಟೇ ಭತ್ಯೆ ಸೇರಿಸಿತು. ಸಂಬಳ ಎರಡು ಪಟ್ಟು ಅಂದ ಹಾಗಾಯಿತು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ಕೆಲವು ಶಾಲೆಗಳಿಗೆ ಇದು ಮೊದಲೇ ಸಿಗುವಂತೆ ಮಾಡಿ, ಉಳಿದ ಶಾಲೆಗಳ ಜೊತೆ ಹೋಲಿಸಿದರು. ಶಿಕ್ಷಕರ ಹಣದ ಚಿಂತೆ ಇಳಿಯಿತು. ಎರಡನೇ ಕೆಲಸಕ್ಕೆ ಹೋಗುವವರೂ ಕಡಿಮೆಯಾದರು. ಮಕ್ಕಳ ಅಂಕ ಮಾತ್ರ ಕದಲಲಿಲ್ಲ. ಇನ್ನೊಂದು ಕಡೆ ವಿಯೆಟ್ನಾಂ ನೋಡಿ. ಒಂದು ಮಗುವಿಗೆ ಅಮೆರಿಕ ಹಾಕುವುದರಲ್ಲಿ ಸಣ್ಣ ಪಾಲು ಹಾಕಿ, 2022ರಲ್ಲಿ ಗಣಿತಕ್ಕೆ 469 ತೆಗೆದಿದೆ. ಅಮೆರಿಕದ್ದು 465. ತರಗತಿಯೊಳಗೆ ಏನು ಬದಲಾಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಒಂದು ಶಾಲೆಯಲ್ಲಿ ಒಬ್ಬ ಹುಡುಗಿ ನನ್ನ ಮುಂದೆ ಪಾಠವನ್ನು ಗಡಗಡ ಓದಿದಳು. ನೋಡಿದರೆ ಬೆರಳು ಮೂರನೇ ಸಾಲಿನಲ್ಲಿದೆ, ಬಾಯಿ ಐದನೇ ಸಾಲಿನಲ್ಲಿ. ಬೇರೆ ಪುಟ ತೆಗೆದು "ಬಟ್ಟಲು" ಅನ್ನುವ ಪದ ತೋರಿಸಿದೆ. ಬ... ಟ... ಅಂತ ಒತ್ತಕ್ಷರದ ಹತ್ತಿರ ನಿಂತುಬಿಟ್ಟಳು. ನಾಲ್ಕು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಅವಳಿಗೆ ಸ್ಮಾರ್ಟ್ ಬೋರ್ಡ್ ಏನು ಮಾಡುತ್ತದೆ?

ಎರಡನೇ ತರಗತಿ ಪುಸ್ತಕದ ಒಂದು ಪುಟ ತಗೊಳ್ಳಿ. 3ರಿಂದ 5ನೇ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಐದು ನಿಮಿಷ ಓದಿಸಿ. ಅಕ್ಷರದಲ್ಲಿ ನಿಂತಿತಾ, ಪದದಲ್ಲಾ, ವಾಕ್ಯದಲ್ಲಾ, ಬರೆದಿಟ್ಟುಕೊಳ್ಳಿ. ಆಮೇಲೆ ದಿನಕ್ಕೆ ಒಂದು ಗಂಟೆ ತರಗತಿ ಬಿಟ್ಟು ಮಟ್ಟ ನೋಡಿ ಕೂರಿಸಿ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆ ಹಲವು ರಾಜ್ಯಗಳಲ್ಲಿ ಹೀಗೆ ಮಾಡಿ ತೋರಿಸಿದೆ. ನಿಮ್ಮ ದುಡ್ಡಿನಲ್ಲಿ ಊರಿನ ಓದಿದ ಹೆಣ್ಣುಮಕ್ಕಳಿಬ್ಬರಿಗೆ ಗೌರವಧನ ಕೊಡಿ, ಕಥೆ ಪುಸ್ತಕ ತನ್ನಿ.

ಬೆಂಗಳೂರಿನ ಇಂಜಿನಿಯರ್: ಅಂದರೆ ಸರ್ಕಾರಿ ಮೇಷ್ಟ್ರ ಸಂಬಳ ದಂಡ ಅಂತಾಯಿತು. ಎಲ್ಲ ಶಾಲೆ ಖಾಸಗಿಯವರಿಗೆ ಕೊಡಿ.

ಅತಿಥಿ ಶಿಕ್ಷಕಿ, ರಾಯಚೂರು: ನನಗೆ ಮೂರು ತಿಂಗಳಿಂದ ಗೌರವಧನವೇ ಬಂದಿಲ್ಲ ಸರ್. ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸಿ ಪಾಠ ಮಾಡುತ್ತೇನೆ. ಒಂದು ದಿನ ಬಂದು ನಿಂತು ನೋಡಿ.

ಇಂಜಿನಿಯರ್: ಗೋಳು ಬೇಡ, ಡೇಟಾ ಕೊಡಿ.

ದಾವಣಗೆರೆಯ ತಾಯಿ: ಮಗಳು ಮೂರನೇ ಕ್ಲಾಸು. ಈಗ ಇಂಗ್ಲಿಷ್ ಮೀಡಿಯಂಗೆ ಬದಲಿಸಿದರೆ ಕಷ್ಟ ಆಗುತ್ತಾ ಮೇಡಂ?

ಮೇಡಂ: ಇಂಜಿನಿಯರ್ ಅವರೇ, ಡೇಟಾ ಇಲ್ಲಿದೆ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ಕಿರಾಬೊ ಜ್ಯಾಕ್ಸನ್ ಮತ್ತು ಇನ್ನಿಬ್ಬರು 2016ರಲ್ಲಿ ಪ್ರಕಟಿಸಿದ ಅಧ್ಯಯನ. 12 ವರ್ಷ 10% ಜಾಸ್ತಿ ಖರ್ಚಾದ ಶಾಲೆಗಳಲ್ಲಿ ಓದಿದ ಬಡ ಮಕ್ಕಳ ಗಳಿಕೆ ದೊಡ್ಡವರಾದ ಮೇಲೆ ಸುಮಾರು 10% ಜಾಸ್ತಿ ಇತ್ತು. ಪಿಸಾ 2022ರ ಲೆಕ್ಕದಲ್ಲೂ 6ರಿಂದ 15 ವರ್ಷದವರೆಗೆ ಒಂದು ಮಗುವಿಗೆ ಒಟ್ಟು 75,000 ಡಾಲರ್ ಆಗುವ ತನಕ ಖರ್ಚಿನ ಜೊತೆ ಅಂಕವೂ ಏರುತ್ತದೆ. ಆಮೇಲೆ ನಂಟು ಸಡಿಲವಾಗುತ್ತದೆ. ನಾವು ಆ ಗೆರೆಗಿಂತ ಬಹಳ ಕೆಳಗಿದ್ದೇವೆ. ನನ್ನ ಮಾತನ್ನು ಶಿಕ್ಷಕರ ಮೇಲೆ ಕಲ್ಲು ಎಸೆಯಲು ಬಳಸಬೇಡಿ.

ಇಂಜಿನಿಯರ್: ಅಮೆರಿಕದ ಕಥೆ ಇಲ್ಲಿಗೆ ಹೊಂದಲ್ಲ.

ಶಿಕ್ಷಕಿ: ಡೇಟಾ ಕೇಳಿದ್ದು ನೀವೇ ಅಲ್ವಾ?

ಮಂಡ್ಯದ ಸದಸ್ಯ: 6% ಕೊಟ್ಟರೆ ಸರಿ ಹೋಗುತ್ತಾ?

ಮೇಡಂ: ಮೇಲೆ ಬರೆದಿದ್ದೇನೆ.

ಉಡುಪಿಯ ಸದಸ್ಯ: ಪಿಸಾದಲ್ಲಿ ಭಾರತ ಎಷ್ಟನೇ ಸ್ಥಾನ?

ಮೇಡಂ: 2009ರ ಸುತ್ತಿನಲ್ಲಿ ತಮಿಳುನಾಡು, ಹಿಮಾಚಲ ಬರೆದವು. 74 ದೇಶ, ಪ್ರದೇಶಗಳಲ್ಲಿ ಕೊನೆಯ ಮೂರರೊಳಗೆ. ಆಮೇಲೆ 2022ರ ಸುತ್ತಿನ ತನಕ ನಾವು ಬರೆದೇ ಇಲ್ಲ.

ಮೈಸೂರಿನ ಸದಸ್ಯೆ: "ಜಪಾನಿನಲ್ಲಿ ನಾಲ್ಕನೇ ತರಗತಿವರೆಗೆ ಪರೀಕ್ಷೆಯೇ ಇಲ್ಲ, ಬರೀ ಸಂಸ್ಕಾರ." ಇದು ನಿಜ ಇರಬೇಕಲ್ವಾ?

ಮೇಡಂ: ಇಲ್ಲ. ಎರಡನೇ ತರಗತಿಯಲ್ಲೇ ಅಲ್ಲಿ ಮಗ್ಗಿ ಬಾಯಿಪಾಠ ಮಾಡಿಸುತ್ತಾರೆ. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರಿಸುವುದಿಲ್ಲ.

ಇಂಜಿನಿಯರ್: ಕೇಳಿದ್ದಕ್ಕೆಲ್ಲ ಸಿಟ್ಟಾದರೆ ಪ್ರಶ್ನೋತ್ತರ ಯಾಕೆ?

ಎಸ್‌ಡಿಎಂಸಿ ಅಧ್ಯಕ್ಷರು: ಮೇಷ್ಟ್ರಿಗೆ ಫೋನ್ ಮಾಡಿದೆ ಮೇಡಂ. ನಾಳೆ ಪ್ರಾರ್ಥನೆ ಮುಗಿದ ಮೇಲೆ ಐದನೇ ತರಗತಿಯಿಂದ ಶುರು. ಓದಲು ಬಾರದ ಮಕ್ಕಳನ್ನು ನೋಡಿ ಉಳಿದವರು ನಗಬಾರದಲ್ಲ, ಹೇಗೆ ಮಾಡಲಿ?

ಮೇಡಂ: ಹೊರಗೆ ಮರದ ಕೆಳಗೆ, ಉಳಿದ ಮಕ್ಕಳ ಕಿವಿಗೆ ಬೀಳದಷ್ಟು ದೂರ ಕೂರಿಸಿ. ಬರದಿದ್ದರೆ "ಸರಿ ಪುಟ್ಟಾ, ಇದನ್ನ ನೋಡು" ಅಂತ ಅದಕ್ಕಿಂತ ಸುಲಭದ್ದನ್ನು ಕೊಡಿ. ಅಂಕ ಹಾಕಬೇಡಿ. ಎಷ್ಟು ಮಕ್ಕಳು ಎಲ್ಲಿ ನಿಂತರು ಅಂತ ನಾಳೆ ಸಂಜೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.