ಸಹಾಯ ಬೇಕು: ಎಕ್ಸ್‌ಒ-1 ಲ್ಯಾಪ್‌ಟಾಪ್‌ನ ಫರ್ಮ್‌ವೇರ್ ಅಪ್‌ಡೇಟ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಒಎಲ್‌ಪಿಸಿಯ (ಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್ ಕೊಡುವ 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' ಯೋಜನೆ) ಹಸಿರು-ಬಿಳಿ ಎಕ್ಸ್‌ಒ-1 ಇದೆ. 2007ರ ಮಾಡೆಲ್, 256 ಎಂಬಿ ರ‍್ಯಾಮ್. ಮಗಳು ಟೈಪಿಂಗ್ ಕಲಿಯೋಕೆ ಇಷ್ಟು ಸಾಕು. ಹೊಸ ಓಎಸ್ ಹಾಕುವ ಮೊದಲು ಫರ್ಮ್‌ವೇರ್ (ಆನ್ ಮಾಡಿದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು.

ಆನ್ ಮಾಡಿದ ಕೂಡಲೇ ಎಸ್ಕೇಪ್ ಒತ್ತಿದರೂ ಓಪನ್ ಫರ್ಮ್‌ವೇರ್‌ನ (ಇದರ ಫರ್ಮ್‌ವೇರ್ ಹೆಸರು) ಕಮಾಂಡ್ ಟೈಪ್ ಮಾಡುವ 'ಓಕೆ' ಪ್ರಾಂಪ್ಟ್ ಬರುವುದಿಲ್ಲ, ನೇರ ಶುಗರ್ (ಇದರ ಮಕ್ಕಳ ಡೆಸ್ಕ್‌ಟಾಪ್) ಶುರುವಾಗುತ್ತದೆ. ಅಂದರೆ ಲಾಕ್ ಇದೆ, ಅಲ್ವಾ? ಹಾಗಾಗಿ ಒಎಲ್‌ಪಿಸಿಯ ಡಿಜಿಟಲ್ ಸಹಿ ಇರುವ ಫರ್ಮ್‌ವೇರ್ ಜಿಪ್ ಫೈಲನ್ನು ಯುಎಸ್‌ಬಿಯ ಬೂಟ್ ಫೋಲ್ಡರಿನಲ್ಲಿ ಇಟ್ಟು, ಪರದೆಯ ಪಕ್ಕದ ನಾಲ್ಕು ಗೇಮ್ ಕೀ ಒತ್ತಿ ಹಿಡಿದು ಆನ್ ಮಾಡಿದೆ. ಫೈಲ್ ಎಕ್ಸ್‌ಒ-1ಕ್ಕೆ ಬೇಕಾದ ಕ್ಯೂ2 ಫರ್ಮ್‌ವೇರ್ ಸರಣಿಯದೇ (ಕ್ಯೂ3 ಇರುವುದು ನಂತರದ ಎಕ್ಸ್‌ಒ-1.5 ಮಾಡೆಲ್‌ಗೆ).

ತೊಂದರೆ ಇರುವುದು ಬ್ಯಾಟರಿಯಲ್ಲಿ. ಅದು ಚಾರ್ಜ್ ಹಿಡಿಯುತ್ತಿಲ್ಲ. ಚಾರ್ಜರ್, ಬ್ಯಾಟರಿ ಎರಡೂ ಸರಿ ಇಲ್ಲದಿದ್ದರೆ ಇದು ಫ್ಲಾಶ್ ಮಾಡಲು (ಹೊಸ ಫರ್ಮ್‌ವೇರ್ ಬರೆಯಲು) ಒಪ್ಪುವುದೇ ಇಲ್ಲ. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಸತ್ತ ಹಾಗೆ, ಆದ್ದರಿಂದ ಆ ನಿಯಮ ಸರಿಯೇ.

1.5ರ ಬ್ಯಾಟರಿ ಇದಕ್ಕೆ ಹೊಂದುತ್ತದಾ? ಸತ್ತ ಬ್ಯಾಟರಿಗೆ ಜೀವ ಬರಿಸಿದವರು ಯಾರಾದರೂ ಇದ್ದೀರಾ? ಲಾಕ್ ತೆಗೆಯುವ ಡೆವಲಪರ್ ಕೀ ಈಗಲೂ ಸಿಗುತ್ತದಾ? 'ಸುಮ್ನೆ ಹೊಸದು ತಗೊಳ್ಳಿ' ಅಂತ ಮಾತ್ರ ಹೇಳಬೇಡಿ!