ಮರಳುಗಲ್ಲಿನ ಕಮರಿಗೆ ಒಬ್ಬರೇ ಹೋಗುವಾಗ: ಜಾಗ, ಗೂಟ, ನೀರು, ಸ್ಟೆಪ್ನಿ

ಪ್ರಶ್ನೆ: ಒಬ್ಬಳೇ ಕಾರಿನಲ್ಲಿ ಹೋಗಿ ಮರಳುಗಲ್ಲಿನ ಕಮರಿಯೊಂದರಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ನಡೆದಾಡುವ ಯೋಚನೆ ಇದೆ. ಬೆಟ್ಟದ ಚಾರಣ ಗೊತ್ತು, ಕಮರಿ ಹೊಸದು. ತಿಳಿದವರು ಹೇಳಿ.

• ಮೊದಲು ಜಾಗ. ಹಳ್ಳದ ಪಾತ್ರದಲ್ಲಿ ಸಮತಟ್ಟಾದ ಮರಳು ಕಂಡರೆ ಆಸೆಯಾಗುತ್ತೆ. ಆ ಮರಳನ್ನು ಹಾಸಿದ್ದೇ ನೆರೆ! ಗಿಡದ ಕೊಂಬೆಗಳಲ್ಲಿ ಒಣಹುಲ್ಲು, ಕಡ್ಡಿ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ ನೋಡಿ. ಹಿಂದಿನ ನೀರು ಅಲ್ಲಿವರೆಗಾದರೂ ಏರಿತ್ತು. ಅದಕ್ಕಿಂತ ಸಾಕಷ್ಟು ಮೇಲಿನ ದಿಣ್ಣೆಯಲ್ಲಿ ಮಲಗಿ. ತಲೆ ಮೇಲಿನ ಆಕಾಶ ತಿಳಿಯಾಗಿದ್ದರೆ ಸಾಲದು. 1997ರ ಆಗಸ್ಟ್‌ನಲ್ಲಿ ಅಮೆರಿಕದ ಆ್ಯಂಟಲೋಪ್ ಕಮರಿಯಲ್ಲಿ 11 ಜನ ಕೊಚ್ಚಿಹೋದರಲ್ಲ, ಆ ಮಳೆ ಸುರಿದದ್ದು ಮೈಲುಗಳಾಚೆ. ತಿಳಿನೀರು ದಿಢೀರನೆ ಬಗ್ಗಡವಾದರೆ, ಕಸಕಡ್ಡಿ ತೇಲಿ ಬಂದರೆ ಸಾಮಾನು ಕಟ್ಟುತ್ತ ಕೂರಬೇಡಿ, ಬಿಟ್ಟು ಮೇಲೆ ಹತ್ತಿ.

• ಹಾಗಂತ ಬಂಡೆಯ ಬುಡಕ್ಕೆ ಅಂಟಿಕೊಂಡೂ ಟೆಂಟ್ ಹಾಕಬೇಡಿ. ಅಲ್ಲಿ ಅಂಚು ಮೊಂಡಾಗದ, ಬಣ್ಣ ಮಾಸದ ಚೂರುಗಳಿದ್ದರೆ ಇತ್ತೀಚೆಗೆ ಉದುರಿದವು. ಮರಳುಗಲ್ಲು ನೀರು ಕುಡಿಯುತ್ತೆ. ಮಳೆ ನಿಂತು ಮೇಲ್ಮೈ ಒಣಗಿದ್ದರೂ ಒಳಗೆ ತೇವ ಇರುತ್ತೆ, ಹಿಡಿದ ಅಂಚು ಮುರಿದು ಕೈಗೇ ಬರುತ್ತೆ. ಒಂದೆರಡು ದಿನ ಬಂಡೆ ಹತ್ತುವ ಮಾತೇ ಬೇಡ. ಚಾಚುಬಂಡೆಯ ಕೆಳಗೆ ಬೆಂಕಿಯೂ ಬೇಡ, ಕಾದ ಕಲ್ಲು ಚಕ್ಕೆ ಏಳುತ್ತೆ.

• ಮರಳಲ್ಲಿ ಗೂಟ ಹೊಡೆದರೆ ಒಂದೇ ಗಾಳಿಗೆ ಕಿತ್ತು ಬರುತ್ತೆ. ಹೊಡೆಯಬೇಡಿ, ಹೂಳಿ. ಒಂದಡಿ ಆಳದ ಗುಂಡಿ ತೋಡಿ, ಗೂಟದ ನಡುವಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ, ಮರಳು ತುಂಬಿ ಚೆನ್ನಾಗಿ ತುಳಿಯಿರಿ. ಟೆಂಟಿನ ಕಡೆಗೆ ಹಗ್ಗ ಓರೆಯಾಗಿ ಹೊರಬರಲು ಸಣ್ಣ ಸೀಳು ಕೊರೆಯುವುದನ್ನು ಮರೆತರೆ ಎಳೆತಕ್ಕೆ ಗೂಟವೇ ಮೇಲೇಳುತ್ತೆ. ಗೂಟದ ಬದಲು ದಪ್ಪ ಕಟ್ಟಿಗೆಯೂ ಆದೀತು.

• ನೀರು ದಿನಕ್ಕೆ 4 ಲೀಟರ್, ಬಿಸಿಲಿದ್ದರೆ ಇನ್ನೂ ಬೇಕು. ಹಳ್ಳದ ಬಗ್ಗಡ ನೇರವಾಗಿ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ರಾತ್ರಿಯೆಲ್ಲ ಪಾತ್ರೆಯಲ್ಲಿ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಸೋಸಿ. ತಣ್ಣನೆ ಗಾಳಿ ತಗ್ಗಿಗಿಳಿಯುವುದರಿಂದ ಕಮರಿಯ ತಳದಲ್ಲಿ ಚಳಿ ಜಾಸ್ತಿ. ನೀರು ಹೆಪ್ಪುಗಟ್ಟುವಷ್ಟಿದ್ದರೆ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಒಳಗಿನ ಸೂಕ್ಷ್ಮ ಕೊಳವೆ ಒಡೆದರೆ ಹೊರಗಿಂದ ಗೊತ್ತೇ ಆಗಲ್ಲ.

• ಕಾರಿನ ವಿಷಯ ಯಾರೂ ಎತ್ತಲೇ ಇಲ್ಲ. ಹೊರಡುವ ಮುಂಚೆ ಸ್ಟೆಪ್ನಿಯ ಗಾಳಿ ನೋಡಿ. ಜಾಕ್ ಕೆಳಗಿಡಲು ಒಂದಡಿ ಅಗಲದ ಗಟ್ಟಿ ಹಲಗೆ ಇರಲಿ, ಇಲ್ಲದಿದ್ದರೆ ಕಾರು ಏಳುವ ಬದಲು ಜಾಕ್ ಮರಳಲ್ಲಿ ಇಳಿಯುತ್ತೆ. ಸಡಿಲ ಮರಳಿನಲ್ಲಿ ಟೈರಿನ ಗಾಳಿಯ ಒತ್ತಡವನ್ನು 20 ಪಿಎಸ್‌ಐಗೆ ಇಳಿಸಬಹುದು, ಪಂಪ್ ಜೊತೆಗಿದ್ದರೆ ಮಾತ್ರ. ಡಾಂಬರು ರಸ್ತೆಯಲ್ಲೂ ಹಾಗೇ ಓಡಿಸಿದರೆ ಟೈರ್ ಕಾದು ಹಾಳಾಗುತ್ತೆ.

• ಗೋಡೆಗೆ ತಾಗಿ ಬರುವ ಸಿಗ್ನಲ್‌ನಿಂದ ಜಿಪಿಎಸ್ ನಿಮ್ಮನ್ನು ಎದುರು ದಡದಲ್ಲಿ ತೋರಿಸೀತು, ಕಾಗದದ ನಕ್ಷೆಯೂ ಬೇಕು. ಮನೆಯವರಿಗೆ "ಭಾನುವಾರ ಬರ್ತೀನಿ" ಅಂದರೆ ಸಾಲದು. ದಾರಿ, ಕಾರಿನ ನಂಬರ್, ರಾತ್ರಿ 8ರೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು, ಅಷ್ಟನ್ನೂ ಬರೆದು ಕೊಟ್ಟು ಹೊರಡಿ.